ಹೊಸ ಮನೆಗೆ ಬಣ್ಣ ಆರಿಸುವ ಕ್ರಮ: ನೆಲ, ಬೆಳಕು, ಮಳೆ, ಕೊನೆಗೆ ಶೇಡ್ ಕಾರ್ಡ್

ಮನೆ ಕಟ್ಟುವವರು ಬಣ್ಣದ ವಿಚಾರಕ್ಕೆ ಬರುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಗೃಹಪ್ರವೇಶದ ಮುಹೂರ್ತ ಹತ್ತಿರವಾಗಿರುತ್ತದೆ, ಕೈಯಲ್ಲಿದ್ದ ಹಣ ಕರಗಿರುತ್ತದೆ, ಪೇಂಟರ್ ಬಂದು ಬಣ್ಣ ಹೇಳಿ ಎಂದು ನಿಂತಿರುತ್ತಾರೆ. ಆಗ ಅಂಗಡಿಗೆ ಹೋಗಿ, ಸಾವಿರಕ್ಕೂ ಹೆಚ್ಚು ಛಾಯೆಗಳಿರುವ ಶೇಡ್ ಕಾರ್ಡನ್ನು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅರ್ಧ ಗಂಟೆ ತಿರುವಿ, ಬೆರಳು ತೋರಿಸಿ ಬಂದುಬಿಡುತ್ತೇವೆ. ಮುಂದಿನ ಆರೇಳು ವರ್ಷ ಆ ಬಣ್ಣದ ನಡುವೆಯೇ ಬದುಕಬೇಕಾಗುತ್ತದೆ. ಈ ಲೇಖನ ಇದರ ತಿರುಗು ಕ್ರಮವನ್ನು ಸೂಚಿಸುತ್ತದೆ. ಮನೆಯಲ್ಲಿ ಈಗಾಗಲೇ ಇರುವ ನೆಲ, ಮರ, ಬೆಳಕು ಮತ್ತು ಊರಿನ ಮಳೆ, ಮಣ್ಣುಗಳು ಬಣ್ಣದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನಿರ್ಧರಿಸಿಬಿಟ್ಟಿರುತ್ತವೆ. ಅವುಗಳನ್ನು ಮೊದಲು ಓದಿಕೊಂಡರೆ ಶೇಡ್ ಕಾರ್ಡಿನ ಮುಂದೆ ಕೂರುವಾಗ ನೋಡಬೇಕಾದ ಪುಟಗಳು ಎರಡೋ ಮೂರೋ ಉಳಿಯುತ್ತವೆ.

ಗೋಡೆ ಒಣಗುವವರೆಗೆ ಕಾಯಿರಿ

ಬಣ್ಣ ಎಷ್ಟೇ ಚೆನ್ನಾಗಿ ಆರಿಸಿದರೂ ಹಸಿ ಗೋಡೆಯ ಮೇಲೆ ಅದು ನಿಲ್ಲುವುದಿಲ್ಲ. ಸಿಮೆಂಟ್ ಗಿಲಾವು ಮಾಡಿ, ನೀರು ಹಾಕಿ ಕ್ಯೂರಿಂಗ್ ಮುಗಿಸಿದ ಮೇಲೂ ಗೋಡೆಯ ಒಳಗೆ ನೀರು ಉಳಿದಿರುತ್ತದೆ. ಹೊಸ ಸಿಮೆಂಟಿನ ಕ್ಷಾರ ಗುಣ ತುಂಬ ತೀವ್ರವಾದದ್ದು. ಪಿಎಚ್ ಪ್ರಮಾಣ 12ರ ಮೇಲಿರುತ್ತದೆ. ಈ ಕ್ಷಾರ ಕೆಲವು ವರ್ಣದ್ರವ್ಯಗಳನ್ನು ಸುಟ್ಟು ಮಂಕಾಗಿಸುತ್ತದೆ. ಜೊತೆಗೆ, ಹೊರಗೆ ಬರಲು ಯತ್ನಿಸುವ ನೀರು ಸಿಮೆಂಟ್ ಮತ್ತು ಮರಳಿನ ಲವಣಗಳನ್ನು ಹೊತ್ತು ತಂದು ಬಣ್ಣದ ಹಿಂದೆ ಬಿಳಿ ಉಪ್ಪಾಗಿ ಬಿಡುತ್ತದೆ. ಆಗ ಬಣ್ಣ ಉಬ್ಬಿ, ಹಕ್ಕಳೆಯಾಗಿ ಏಳುತ್ತದೆ. ಆದ್ದರಿಂದ ಗಿಲಾವು ಆದ ಮೇಲೆ ಕನಿಷ್ಠ 28 ದಿನ ಬಿಡಬೇಕೆಂಬುದು ವಾಡಿಕೆಯ ಲೆಕ್ಕ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಮತ್ತು ಕರಾವಳಿಯಲ್ಲಿ, ಇದು ಸಾಲುವುದಿಲ್ಲ.

ಗೋಡೆ ಒಣಗಿದೆಯೇ ಎಂದು ನೋಡಲು ಸುಲಭವಾದ ಒಂದು ಪರೀಕ್ಷೆ ಇದೆ. ಎರಡು ಅಡಿ ಚೌಕದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕು ಅಂಚಿಗೂ ಗಾಳಿ ಆಡದಂತೆ ಟೇಪ್ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕೂತಿದ್ದರೆ ಅಥವಾ ಆ ಜಾಗದ ಗೋಡೆ ಕಪ್ಪಾಗಿ ಕಂಡರೆ ಇನ್ನೂ ಕಾಯಬೇಕು. ಬಚ್ಚಲುಮನೆಗೆ ಅಂಟಿಕೊಂಡ ಗೋಡೆ, ನೀರಿನ ತೊಟ್ಟಿಯ ಕೆಳಗಿನ ಗೋಡೆ, ನೆಲದಿಂದ ಒಂದಡಿ ಎತ್ತರದ ಭಾಗ ಇವುಗಳಲ್ಲಿ ಈ ಪರೀಕ್ಷೆಯನ್ನು ತಪ್ಪದೇ ಮಾಡಿ.

ಮುಹೂರ್ತ ಮುಂದೂಡಲು ಆಗದಿದ್ದರೆ ಒಂದು ಮಧ್ಯಮಾರ್ಗವಿದೆ. ಗೃಹಪ್ರವೇಶಕ್ಕೆ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಅಡಿಲೇಪ) ಅಥವಾ ಒಂದು ಕೋಟು ಬಿಳಿ ಬಣ್ಣ ಹೊಡೆಸಿ, ಬಾಗಿಲಿಗೆ ತೋರಣ ಕಟ್ಟಿ ಕಾರ್ಯ ಮುಗಿಸಿ. ನಿಜವಾದ ಬಣ್ಣವನ್ನು ಗೋಡೆ ಆರಿದ ಮೇಲೆ ಮಾಡಿಸಿ. ಬಂದ ನೆಂಟರಿಗೆ ಬಿಳಿ ಗೋಡೆ ಕೊರತೆಯಾಗಿ ಕಾಣುವುದಿಲ್ಲ. ನಿಮಗೆ ಆ ಮನೆಯಲ್ಲಿ ಕೆಲವು ವಾರ ಇದ್ದು, ಯಾವ ಕೋಣೆಗೆ ಯಾವ ಹೊತ್ತಿನಲ್ಲಿ ಎಂಥ ಬೆಳಕು ಬರುತ್ತದೆ ಎಂದು ತಿಳಿಯಲು ಸಮಯ ಸಿಗುತ್ತದೆ. ಅವಸರದಲ್ಲಿ ಪೂರ್ತಿ ಬಣ್ಣ ಬಳಿಸುವುದಕ್ಕಿಂತ ಇದೇ ಒಳ್ಳೆಯದೆಂದು ನಾನು ದೃಢವಾಗಿ ಹೇಳುತ್ತೇನೆ.

ಬದಲಾಯಿಸಲಾಗದ ವಸ್ತುಗಳಿಂದ ಶುರುಮಾಡಿ

ನೆಲದ ಟೈಲ್ಸ್, ಅಡುಗೆಕಟ್ಟೆಯ ಗ್ರಾನೈಟ್, ಬಾಗಿಲು ಕಿಟಕಿಗಳ ಮರ ಅಥವಾ ಯುಪಿವಿಸಿ ಚೌಕಟ್ಟು, ಮೆಟ್ಟಿಲಿನ ಕಲ್ಲು ಇವು ಒಮ್ಮೆ ಕೂತರೆ ಕೂತವೇ. ಅಂಗಡಿಯಲ್ಲಿ ಟೈಲ್ಸಿನ ಆಯ್ಕೆ ಹತ್ತಾರು, ಬಣ್ಣದ ಆಯ್ಕೆ ಸಾವಿರಾರು. ಹಾಗಾಗಿ ಗೋಡೆಯ ಬಣ್ಣ ನೆಲಕ್ಕೆ ಹೊಂದಬೇಕೇ ಹೊರತು ನೆಲ ಗೋಡೆಗೆ ಹೊಂದಬೇಕಾಗಿಲ್ಲ.

ಪ್ರತಿಯೊಂದು ತಿಳಿಬಣ್ಣದ ಒಳಗೂ ಇನ್ನೊಂದು ಬಣ್ಣದ ಎಳೆ ಇರುತ್ತದೆ. ಬಿಳಿಗೆ ಹತ್ತಿರದ ಐದಾರು ಛಾಯೆಗಳನ್ನು ಒಂದೊಂದಾಗಿ ನೋಡಿದರೆ ಎಲ್ಲವೂ ಒಂದೇ ಎನಿಸುತ್ತದೆ. ಅವನ್ನೇ ಒಂದು ಅಚ್ಚ ಬಿಳಿ ಕಾಗದದ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಾಗ ಒಂದರಲ್ಲಿ ಹಳದಿ, ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ಹಸಿರು ಅಥವಾ ಬೂದು ಇಣುಕುವುದು ಕಾಣುತ್ತದೆ. ನಿಮ್ಮ ಟೈಲ್ಸಿನ ಉಳಿಕೆ ತುಂಡನ್ನೂ ಅದೇ ಕಾಗದದ ಮೇಲಿಟ್ಟು ನೋಡಿ. ಐವರಿ ಬಣ್ಣದ ವಿಟ್ರಿಫೈಡ್ ಟೈಲ್ಸಿನಲ್ಲಿ ಹಳದಿಯ ಎಳೆ ಇದ್ದರೆ, ನೀಲಿಯ ಎಳೆ ಇರುವ ಬೂದು ಗೋಡೆ ಆ ನೆಲವನ್ನು ಕೊಳೆಯಾದಂತೆ ತೋರಿಸುತ್ತದೆ. ಮಾರುಕಟ್ಟೆಯಲ್ಲಿ ಬೂದು ಬಣ್ಣದ ಒಲವು ಹೆಚ್ಚಿದ ಮೇಲೆ ಬಹಳ ಮನೆಗಳಲ್ಲಿ ಕಾಣುವ ದೋಷ ಇದು.

ಕಲಬುರಗಿ ಕಡೆಯ ಶಹಾಬಾದ್ ಕಲ್ಲಿನ ನೆಲಕ್ಕೆ ತಣ್ಣನೆಯ ಬೂದು ಮೈ. ಅದಕ್ಕೆ ಬೆಣ್ಣೆ ಬಣ್ಣ, ತಿಳಿ ಗೋಧಿ ಬಣ್ಣದ ಗೋಡೆ ಬೆಚ್ಚಗೆ ಕಾಣುತ್ತದೆ. ಕೆಂಪು ರೆಡ್ ಆಕ್ಸೈಡ್ ನೆಲವಿರುವ ಮನೆಯಲ್ಲಿ ಗೋಡೆಗೆ ಮತ್ತೆ ಗುಲಾಬಿಯೋ ಕಿತ್ತಳೆಯೋ ಬೇಡ, ಏಕೆಂದರೆ ನೆಲದ ಕೆಂಪು ಗೋಡೆಯ ಕೆಳಭಾಗಕ್ಕೆ ತಾನಾಗಿಯೇ ಪ್ರತಿಫಲಿಸುತ್ತದೆ. ಅಲ್ಲಿ ಸುಣ್ಣದ ಬಿಳಿಗೆ ಹತ್ತಿರದ ಛಾಯೆಯೇ ಸೊಗಸು. ತೇಗದ ಬಾಗಿಲಿಗೆ ಪಾಲಿಶ್ ಹೊಡೆಸುವುದಿದ್ದರೆ ಆ ಕೆಲಸದ ಒಂದು ಮಾದರಿ ತುಂಡನ್ನು ಮೊದಲೇ ಮಾಡಿಸಿಕೊಳ್ಳಿ. ಹಸಿ ಮರದ ಬಣ್ಣ ನೋಡಿ ಗೋಡೆ ಆರಿಸಿದರೆ ಪಾಲಿಶ್ ಆದ ಮೇಲೆ ಲೆಕ್ಕ ತಪ್ಪುತ್ತದೆ.

ವಾಸ್ತುವಿನ ಪ್ರಕಾರ ಯಾವ ದಿಕ್ಕಿನ ಕೋಣೆಗೆ ಯಾವ ಬಣ್ಣ ಎಂಬ ನಂಬಿಕೆ ಮನೆಯ ಹಿರಿಯರಿಗೆ ಇದ್ದರೆ ಅದನ್ನೂ ಈ ಹಂತದಲ್ಲೇ ಕೇಳಿ ಬರೆದುಕೊಳ್ಳಿ. ಹಳದಿ ಎಂದರೆ ಅಚ್ಚ ಅರಿಸಿನವೇ ಆಗಬೇಕಿಲ್ಲ, ಹಾಲಿಗೆ ಚಿಟಿಕೆ ಕೇಸರಿ ಹಾಕಿದಷ್ಟು ತಿಳಿಯಾದ ಛಾಯೆಯೂ ಹಳದಿಯೇ ಎಂದು ಸಮಾಧಾನವಾಗಿ ಮಾತಾಡಲು ಆಗ ಅವಕಾಶವಿರುತ್ತದೆ. ಮೊದಲ ಕೋಟು ಆದ ಮೇಲೆ ಈ ಮಾತು ಎದ್ದರೆ ಹಣವೂ ಹೋಗುತ್ತದೆ, ಮನಸ್ಸೂ ಕೆಡುತ್ತದೆ.

ಕೋಣೆಗೆ ಬರುವ ಬೆಳಕನ್ನು ಓದಿಕೊಳ್ಳಿ

ಉತ್ತರದ ಕೋಣೆಗೆ ತಣ್ಣನೆಯ ನೀಲಿ ಬೆಳಕು ಬರುತ್ತದೆ, ಆದ್ದರಿಂದ ಬೆಚ್ಚನೆಯ ಬಣ್ಣ ಹಾಕಿ ಎಂಬ ಸಲಹೆ ಪುಸ್ತಕಗಳಲ್ಲೂ ವಿಡಿಯೊಗಳಲ್ಲೂ ಸಿಗುತ್ತದೆ. ಇದು ಯುರೋಪಿನಂಥ ಎತ್ತರದ ಅಕ್ಷಾಂಶದ ದೇಶಗಳ ಅನುಭವ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಇಳಿದು, ದಕ್ಷಿಣದ ಕಿಟಕಿಯಿಂದ ಕೋಣೆಯ ಒಳಗೆ ಬಹಳ ದೂರ ಬಿಸಿಲು ಹಾಸುತ್ತಾನೆ. ನಮ್ಮಲ್ಲಿ ಬಣ್ಣದ ಮಟ್ಟಿಗೆ ನಿಜವಾಗಿ ಲೆಕ್ಕಕ್ಕೆ ಬರುವುದು ಪಶ್ಚಿಮ. ಮಧ್ಯಾಹ್ನ ಮೂರರ ನಂತರದ ಓರೆ ಬಿಸಿಲು ಕೆಂಪು ಹಳದಿಗಳನ್ನು ಉರಿಯುವಂತೆ ಮಾಡುತ್ತದೆ. ಪಶ್ಚಿಮದ ಮಲಗುವ ಕೋಣೆಗೆ ತಿಳಿ ಹಸಿರು, ತಿಳಿ ನೀಲಿ ಅಥವಾ ಬೂದು ಬೆರೆತ ಬಿಳಿ ಕಣ್ಣಿಗೆ ಹಿತ.

ಪೇಟೆಯ ಮನೆಗಳಲ್ಲಿ ದಿಕ್ಕಿಗಿಂತಲೂ ಮುಖ್ಯವಾದದ್ದು ಪಕ್ಕದ ಮನೆ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಎರಡು ಮನೆಗಳ ನಡುವೆ ಕೆಲವೇ ಅಡಿಗಳ ಸಂದು ಉಳಿದಿರುತ್ತದೆ. ಆ ಸಂದಿನ ಕಡೆ ತೆರೆಯುವ ಕಿಟಕಿಗೆ ನೇರ ಬಿಸಿಲು ಬರುವುದೇ ಇಲ್ಲ. ಬರುವುದೆಲ್ಲ ಪಕ್ಕದ ಗೋಡೆಗೆ ತಾಗಿ ತಿರುಗಿದ ಬೆಳಕು. ಆ ಗೋಡೆ ಗಿಳಿಹಸಿರಾಗಿದ್ದರೆ ನಿಮ್ಮ ಅಚ್ಚ ಬಿಳಿ ಕೋಣೆ ಹಗಲೆಲ್ಲ ಹಸಿರಾಡುತ್ತದೆ. ಕೋಣೆಯ ಒಳಗೆ, ಕಿಟಕಿಯ ಎದುರಿನ ಗೋಡೆಗೆ ಒಂದು ಬಿಳಿ ಡ್ರಾಯಿಂಗ್ ಹಾಳೆ ಅಂಟಿಸಿ ಮಧ್ಯಾಹ್ನ ನೋಡಿದರೆ ಇದು ತಟ್ಟನೆ ತಿಳಿಯುತ್ತದೆ. ಹೀಗೆ ಹಸಿರು ಬೀಳುವ ಕೋಣೆಗೆ ಸ್ವಲ್ಪ ಗುಲಾಬಿ ಎಳೆಯ ಬಿಳಿ ಆರಿಸಿದರೆ ಎರಡೂ ಒಂದನ್ನೊಂದು ಸರಿದೂಗಿಸುತ್ತವೆ.

ಇನ್ನು ರಾತ್ರಿಯ ಬೆಳಕು. ದುಡಿಯಲು ಹೋಗುವವರು ತಮ್ಮ ಮನೆಯ ಗೋಡೆಗಳನ್ನು ಹೆಚ್ಚಾಗಿ ನೋಡುವುದು ದೀಪದ ಬೆಳಕಿನಲ್ಲೇ. ಎಲ್‌ಇಡಿ ದೀಪದ ಪೆಟ್ಟಿಗೆಯ ಮೇಲೆ ಕೆಲ್ವಿನ್ ಲೆಕ್ಕದಲ್ಲಿ ಅದರ ಬೆಳಕಿನ ಬಣ್ಣ ಬರೆದಿರುತ್ತದೆ: 3000 ಎಂದರೆ ಹಳದಿ ಬೆಳಕು, 4000 ಎಂದರೆ ನಡುವಿನದು, 6500 ಎಂದರೆ ನೀಲಿ ಬೆರೆತ ಬಿಳಿ. ಬಹುಪಾಲು ಮನೆಗಳಲ್ಲಿ ಇರುವುದು 6500ರ ಟ್ಯೂಬ್. ಅದರ ಕೆಳಗೆ ಬೂದು ಗೋಡೆ ನೀಲಿಯಾಗಿ, ಕೆನೆಬಣ್ಣ ಪೇಲವವಾಗಿ ಕಾಣುತ್ತದೆ. 3000ರ ದೀಪದ ಕೆಳಗೆ ಅದೇ ಕೆನೆಬಣ್ಣ ತುಂಬಿಕೊಳ್ಳುತ್ತದೆ, ತಿಳಿನೀಲಿ ಮಾತ್ರ ಮಾಸಿದಂತಾಗುತ್ತದೆ. ಆದ್ದರಿಂದ ಯಾವ ಕೋಣೆಗೆ ಯಾವ ದೀಪ ಎಂಬುದನ್ನು ಗೋಡೆಯ ಬಣ್ಣಕ್ಕಿಂತ ಮೊದಲು ತೀರ್ಮಾನಿಸಿ, ಕನಿಷ್ಠ ಒಂದು ಬಲ್ಬನ್ನಾದರೂ ತಂದು ಹೋಲ್ಡರಿಗೆ ಸಿಕ್ಕಿಸಿ.

ಮಾದರಿ ಹಚ್ಚಿ ನೋಡದೆ ಬಣ್ಣ ಖರೀದಿಸಬೇಡಿ

ಶೇಡ್ ಕಾರ್ಡಿನ ಚೌಕ ಎರಡು ಬೆರಳಗಲ. ಅದೇ ಬಣ್ಣ ನಾಲ್ಕು ಗೋಡೆಗೂ ಹರಡಿದಾಗ ಒಂದು ಗೋಡೆಯ ಬೆಳಕು ಇನ್ನೊಂದಕ್ಕೆ ತಾಗಿ ಬಣ್ಣ ಗಾಢವಾಗುತ್ತದೆ. ಕಾರ್ಡಿನಲ್ಲಿ ಇಷ್ಟವಾದ ಛಾಯೆಗಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನು ಆರಿಸುವುದು ಒಳಗೋಡೆಗಳಿಗೆ ಬಹುಮಟ್ಟಿಗೆ ಸರಿಬೀಳುತ್ತದೆ. ಕೆಲವು ಕಾರ್ಡುಗಳಲ್ಲಿ ಛಾಯೆಯ ಜೊತೆಗೆ ಎಲ್‌ಆರ್‌ವಿ ಎಂಬ ಅಂಕಿ ಇರುತ್ತದೆ. ಬಿದ್ದ ಬೆಳಕಿನಲ್ಲಿ ಶೇಕಡಾ ಎಷ್ಟನ್ನು ಆ ಬಣ್ಣ ಹಿಂದಿರುಗಿಸುತ್ತದೆ ಎಂಬ ಲೆಕ್ಕ ಅದು. ಬಿಳಿಗೆ 80ರ ಮೇಲೆ, ಕಪ್ಪಿಗೆ ಸುಮಾರು 5. ಕಿಟಕಿ ಕಡಿಮೆ ಇರುವ ಕೋಣೆಗೆ 70ರ ಆಸುಪಾಸಿನ ಛಾಯೆ ಆರಿಸಿದರೆ ಹಗಲಿನಲ್ಲಿ ದೀಪ ಹಾಕುವ ಪ್ರಸಂಗ ಕಡಿಮೆಯಾಗುತ್ತದೆ.

ಎರಡು ಅಥವಾ ಮೂರು ಛಾಯೆಗಳಿಗೆ ಇಳಿದ ಮೇಲೆ ಅವುಗಳ ಚಿಕ್ಕ ಮಾದರಿ ಡಬ್ಬಿ ತನ್ನಿ. ಸಿಗದಿದ್ದರೆ ಅಂಗಡಿಯ ಟಿಂಟಿಂಗ್ ಯಂತ್ರದಲ್ಲಿ ಲಭ್ಯವಿರುವ ಅತಿ ಚಿಕ್ಕ ಅಳತೆಯನ್ನು ಬೆರೆಸಿಸಿ. ನೇರವಾಗಿ ಗೋಡೆಗೆ ಹಚ್ಚುವುದಕ್ಕಿಂತ ಎರಡಡಿ ಚೌಕದ ಪ್ಲೈವುಡ್ ಅಥವಾ ದಪ್ಪ ರಟ್ಟಿಗೆ ಪ್ರೈಮರ್ ಬಳಿದು, ಅದರ ಮೇಲೆ ಎರಡು ಕೋಟು ಹಚ್ಚುವುದು ಅನುಕೂಲ. ಹಲಗೆಯನ್ನು ಕಿಟಕಿಯ ಪಕ್ಕದಲ್ಲಿ, ಮೂಲೆಯಲ್ಲಿ, ನೆಲದ ಟೈಲ್ಸಿಗೆ ತಾಗಿಸಿ, ಬಾಗಿಲಿನ ಮರದ ಪಕ್ಕದಲ್ಲಿ ನಿಲ್ಲಿಸಿ ನೋಡಬಹುದು. ಬೆಳಗ್ಗೆ, ನಡುಹಗಲು, ಸಂಜೆ ಐದು, ರಾತ್ರಿ ದೀಪ ಹಾಕಿದ ಮೇಲೆ, ಹೀಗೆ ನಾಲ್ಕು ಹೊತ್ತಿನಲ್ಲೂ ನೋಡಿ. ಎಮಲ್ಷನ್ (ನೀರು ಬೆರೆಸಿ ಗೋಡೆಗೆ ಬಳಿಯುವ ಬಣ್ಣ) ಹಸಿಯಾಗಿದ್ದಾಗ ತಿಳಿಯಾಗಿ ಕಂಡು ಒಣಗಿದ ಮೇಲೆ ತುಸು ಗಾಢವಾಗುವುದರಿಂದ ಹಚ್ಚಿದ ದಿನವೇ ತೀರ್ಪು ಕೊಡಬೇಡಿ. ಮೊಬೈಲಿನಲ್ಲಿ ಫೋಟೊ ತೆಗೆದು ಊರಲ್ಲಿರುವವರ ಅಭಿಪ್ರಾಯ ಕೇಳುವುದೂ ಉಪಯೋಗಕ್ಕೆ ಬರುವುದಿಲ್ಲ. ಕ್ಯಾಮೆರಾ ಬಣ್ಣವನ್ನು ತನಗೆ ಬೇಕಾದಂತೆ ತಿದ್ದಿರುತ್ತದೆ.

ಒಳಗಿನ ಕೋಣೆಗಳು

ಮುಂಬಾಗಿಲಲ್ಲಿ ನಿಂತರೆ ಒಟ್ಟಿಗೆ ಕಾಣುವ ಗೋಡೆಗಳೆಲ್ಲಕ್ಕೂ ಒಂದೇ ಮೂಲ ಬಣ್ಣವಿರಲಿ. ಹಾಲ್, ಊಟದ ಜಾಗ, ಮೆಟ್ಟಿಲು, ಓಡುದಾರಿ ಇವಕ್ಕೆ ಒಂದು ತಿಳಿಬಣ್ಣ, ಮಲಗುವ ಕೋಣೆಗಳಿಗೆ ಒಂದೊಂದು ಬೇರೆ ಛಾಯೆ, ಇಷ್ಟು ಸಾಕು. ಒಂದು ಗೋಡೆಗೆ ಮಾತ್ರ ಗಾಢ ಬಣ್ಣ ಹಾಕಿಸುವ ಆಸೆಯಿದ್ದರೆ ಕಿಟಕಿ ಬಾಗಿಲುಗಳಿಲ್ಲದ, ಮಂಚದ ತಲೆಭಾಗದ ಗೋಡೆಯನ್ನು ಆರಿಸಿ. ಕಿಟಕಿ ಇರುವ ಗೋಡೆ ಗಾಢವಾದರೆ ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಸೀಲಿಂಗಿಗೆ ಬಿಳಿಯೇ ಇರಲಿ.

ಬಣ್ಣದಷ್ಟೇ ಮುಖ್ಯವಾದದ್ದು ಹೊಳಪು. ಹೊಳಪಿಲ್ಲದ ಮ್ಯಾಟ್ ಬಣ್ಣ, ಗೋಡೆ ನುಣುಪಾಗಿಸಲು ಬಳಿದ ಪುಟ್ಟಿಯ ಏರುಪೇರುಗಳನ್ನು ಮುಚ್ಚುತ್ತದೆ, ಆದರೆ ಒರೆಸಿದ ಕಡೆ ಗುರುತು ಉಳಿಯುತ್ತದೆ. ಹೊಳಪಿನ ಬಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು, ಆದರೆ ಓರೆ ಬೆಳಕಿನಲ್ಲಿ ಗೋಡೆಯ ಪ್ರತಿ ಅಲೆಯನ್ನೂ ಎತ್ತಿ ತೋರಿಸುತ್ತದೆ. ಹಾಲ್ ಮತ್ತು ಮಲಗುವ ಕೋಣೆಗಳಿಗೆ ಮ್ಯಾಟ್, ಮೆಟ್ಟಿಲ ಗೋಡೆ, ಮಕ್ಕಳ ಕೋಣೆ, ಅಡುಗೆಮನೆಗಳಿಗೆ ತೊಳೆಯಬಹುದಾದ ಮೃದು ಹೊಳಪಿನ ಎಮಲ್ಷನ್ ಎಂದು ಹಂಚಿಕೊಳ್ಳಿ. ಅಡುಗೆಮನೆಯಲ್ಲಿ ಟೈಲ್ಸ್ ಮುಗಿದ ಮೇಲಿನ ಭಾಗಕ್ಕೆ ಒಗ್ಗರಣೆಯ ಎಣ್ಣೆಹೊಗೆ ಕೂರುತ್ತದೆ. ಅಲ್ಲಿ ಅಚ್ಚ ಬಿಳಿ ಬಹುಬೇಗ ಹಳದಿಗಟ್ಟಿದಂತೆ ಕಾಣುವುದರಿಂದ ಕೆನೆ ಅಥವಾ ತಿಳಿ ಗೋಧಿ ಬಣ್ಣ ಉತ್ತಮ. ದೇವರ ಮನೆಯಲ್ಲಿ ದೀಪದ ಮಸಿ ಏಳುವ ಗೋಡೆಯ ಭಾಗಕ್ಕೆ ಕಲ್ಲು ಅಥವಾ ಟೈಲ್ಸ್ ಹಾಕಿಸಿ, ಉಳಿದದ್ದಕ್ಕೆ ಬಣ್ಣ ಹೊಡೆಸುವುದೇ ಜಾಣತನ.

ಕಿಟಕಿಯ ಗ್ರಿಲ್ಲಿಗೂ ಬಾಗಿಲಿಗೂ ಎನಾಮೆಲ್ (ಮರ, ಕಬ್ಬಿಣಕ್ಕೆ ಹಚ್ಚುವ ಹೊಳಪಿನ ಬಣ್ಣ) ಕೊಳ್ಳುವಾಗ ಒಂದು ಎಚ್ಚರ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಹಳದಿ, ಕೆಂಪು, ಕಿತ್ತಳೆ ಎನಾಮೆಲ್‌ಗಳಲ್ಲಿ ಹಿಂದೆ ಸೀಸದ ಬಳಕೆ ಹೆಚ್ಚಿತ್ತು. ಡಬ್ಬಿಯ ಮೇಲೆ ಈ ಮಿತಿಯ ಉಲ್ಲೇಖವಿಲ್ಲದ ಅಗ್ಗದ ಬಣ್ಣವನ್ನು, ವಿಶೇಷವಾಗಿ ಮಕ್ಕಳು ಬಾಯಿ ಹಾಕುವ ಎತ್ತರದ ಕಿಟಕಿಗೆ, ತರಬೇಡಿ.

ಹೊರಗೋಡೆಯ ಬಣ್ಣವನ್ನು ಊರು ನಿರ್ಧರಿಸುತ್ತದೆ

ಒಳಗಿನ ಬಣ್ಣ ಮನೆಯವರ ಇಷ್ಟ. ಹೊರಗಿನದು ಬಿಸಿಲು, ಮಳೆ, ಧೂಳುಗಳ ಜೊತೆ ಮಾಡಿಕೊಳ್ಳುವ ಒಪ್ಪಂದ, ಮತ್ತು ಕರ್ನಾಟಕದ ಎಲ್ಲ ಊರಿಗೂ ಅನ್ವಯಿಸುವ ಒಂದೇ ಒಪ್ಪಂದ ಇರಲು ಸಾಧ್ಯವಿಲ್ಲ.

ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಅಲ್ಲಿ ಗಾಢ ಬಣ್ಣದ ಹೊರಗೋಡೆ ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯಿಡೀ ಆ ಬಿಸಿಯನ್ನು ಮಲಗುವ ಕೋಣೆಗೆ ಬಿಡುತ್ತದೆ. ಪಶ್ಚಿಮದ ಗೋಡೆಗಂತೂ ಕಡುಬೂದು, ಕಂದು, ಕಡುನೀಲಿಗಳನ್ನು ಹಾಕಲೇಬಾರದು. ಬಿಳಿ, ಕೆನೆ, ತಿಳಿ ಮರಳಿನ ಬಣ್ಣ ಇಲ್ಲಿಗೆ ಸರಿ. ಉತ್ತರ ಕರ್ನಾಟಕದ ಹಳೆಯ ಮನೆಗಳು ವರ್ಷವರ್ಷ ಸುಣ್ಣ ಬಳಿಸಿಕೊಳ್ಳುತ್ತಿದ್ದುದು ಹಬ್ಬದ ಅಲಂಕಾರಕ್ಕೆ ಮಾತ್ರವಲ್ಲ, ತಂಪಿಗೂ ಆಗಿತ್ತು. ತಾರಸಿಗೂ ಬಿಳಿ ಬಣ್ಣ ಹೊಡೆಸಿದರೆ ಮೇಲಂತಸ್ತಿನ ಸೆಕೆ ಗಮನಕ್ಕೆ ಬರುವಷ್ಟು ಇಳಿಯುತ್ತದೆ.

ಕರಾವಳಿ, ಮಲೆನಾಡುಗಳ ಕಥೆ ಬೇರೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಆಗುಂಬೆಯಲ್ಲಿ ಅದರ ಸುಮಾರು ಎರಡರಷ್ಟು. ನೈರುತ್ಯದಿಂದ ಎರಚುವ ಮಳೆಗೆ ಒಡ್ಡಿಕೊಂಡ ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಅಚ್ಚ ಬಿಳಿ ಬಳಿದರೆ ಒಂದೆರಡು ಮಳೆಗಾಲದಲ್ಲಿ ಸಜ್ಜದ ಕೆಳಗಿನಿಂದ ಕಪ್ಪು ಗೆರೆಗಳು ಇಳಿಯುತ್ತವೆ, ಪ್ಯಾರಪೆಟ್ಟಿನ ಮೇಲೆ ಪಾಚಿ ಕಟ್ಟುತ್ತದೆ. ಇಂಥ ಕಡೆ ಪಾಚಿ ಮತ್ತು ಬೂಷ್ಟು ತಡೆಯುವ ಗುಣವಿರುವ ಹೊರಾಂಗಣ ಎಮಲ್ಷನ್ ಅಗತ್ಯ. ಛಾಯೆಯಲ್ಲಿ ಬೂದು ಬೆರೆತ ಹಸಿರು, ಮಣ್ಣಿನ ಹಳದಿ, ಮುರಕಲ್ಲಿನ ಕೆಂಪಿಗೆ ಹತ್ತಿರದವು ಕಲೆಗಳನ್ನು ಎತ್ತಿ ತೋರಿಸುವುದಿಲ್ಲ. ಹಂಚಿನ ಮಾಡಿಗೂ ತೋಟದ ಹಸಿರಿಗೂ ಒಪ್ಪುತ್ತವೆ. ಬಣ್ಣಕ್ಕಿಂತ ಮುಂಚೆ ಸಜ್ಜದ ಕೆಳಂಚಿನಲ್ಲಿ ನೀರು ಗೋಡೆಗೆ ಹಿಂದಿರುಗದಂತೆ ಒಂದು ಸಣ್ಣ ತೋಡು (ಗ್ರೂವ್) ಬಿಡಿಸಿದ್ದಾರೆಯೇ ಎಂದು ನೋಡಿ. ಆ ಸಣ್ಣ ತೋಡು ಇಲ್ಲದ ಸಜ್ಜದ ಕೆಳಗೆ ಯಾವ ಕಂಪನಿಯ ಬಣ್ಣವೂ ಚೊಕ್ಕವಾಗಿ ಉಳಿಯುವುದಿಲ್ಲ.

ಬೆಂಗಳೂರು, ತುಮಕೂರು, ಕೋಲಾರದ ಬಯಲಿನಲ್ಲಿ ಮಳೆಗಿಂತ ಕೆಂಪುಮಣ್ಣು ದೊಡ್ಡ ಸಮಸ್ಯೆ. ಜೋರು ಮಳೆಗೆ ಅಂಗಳದ ಮಣ್ಣು ಸಿಡಿದು ಗೋಡೆಯ ಕೆಳಗಿನ ಒಂದೂವರೆ ಅಡಿ ಕೆಂಪಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಸುಣ್ಣದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದುದರ ಪ್ರಯೋಜನ ಇಲ್ಲೇ ಇದೆ. ಹೊಸ ಮನೆಯಲ್ಲೂ ಬುಡದ ಎರಡಡಿಗೆ ಇಟ್ಟಿಗೆಗೆಂಪು ಅಥವಾ ಕಂದು ಛಾಯೆ ಹಾಕಿ, ಇಲ್ಲವೇ ಸಾದರಹಳ್ಳಿ ಕಲ್ಲಿನ ಹೊದಿಕೆ ಮಾಡಿಸಿ, ಮೇಲಿನದನ್ನು ತಿಳಿಯಾಗಿ ಇಡಿ. ನೋಡಲೂ ಮನೆ ನೆಲಕ್ಕೆ ಊರಿ ನಿಂತಂತಿರುತ್ತದೆ.

ಬಣ್ಣ ಮಾಸುವುದರ ಬಗ್ಗೆ ಒಂದು ಮಾತು. ಕಣ್ಣು ಕೋರೈಸುವ ನೇರಳೆ, ಗುಲಾಬಿ, ನಿಂಬೆಹಳದಿಗಳಲ್ಲಿ ಸಾಮಾನ್ಯವಾಗಿ ಬಳಸುವ ಸಾವಯವ ವರ್ಣದ್ರವ್ಯಗಳು ಬಿಸಿಲಿನ ನೇರಳಾತೀತ ಕಿರಣಕ್ಕೆ ಬೇಗ ಸೋಲುತ್ತವೆ. ಕಬ್ಬಿಣದ ಆಕ್ಸೈಡಿನಿಂದ ಬರುವ ಕೆಮ್ಮಣ್ಣು, ಮಣ್ಣಿನ ಹಳದಿ, ಕಂದು ಇವು ಬಹುಕಾಲ ನಿಲ್ಲುತ್ತವೆ. ಉತ್ತರ ಕನ್ನಡದ ಕರಾವಳಿಯ ಹಳೆಯ ದೇವಸ್ಥಾನಗಳಲ್ಲಿ ಸುಣ್ಣದ ಗೋಡೆಯ ಮೇಲಿನ ಕಾವಿ (ಕೆಮ್ಮಣ್ಣಿನ) ಚಿತ್ತಾರ ಅಷ್ಟು ಮಳೆಯನ್ನು ತಾಳಿಕೊಂಡು ಇಂದಿಗೂ ಕಾಣುವುದನ್ನು ನೆನೆಯಿರಿ. ಒಳಾಂಗಣದ ಕಾರ್ಡಿನಲ್ಲಿರುವ ಎಲ್ಲ ಛಾಯೆಗಳೂ ಹೊರಗಡೆಗೆ ತಕ್ಕವಲ್ಲ. ಹೊರಾಂಗಣದ ಕಾರ್ಡಿನಿಂದಲೇ ಆರಿಸಿ.

ಹೊರಗೆ ಎಷ್ಟು ಬಣ್ಣ ಎಂಬ ಪ್ರಶ್ನೆಗೆ ನನ್ನ ಉತ್ತರ ಮೂರು: ಗೋಡೆಯ ಬಹುಭಾಗಕ್ಕೆ ಒಂದು, ಕಂಬ, ಸಜ್ಜ, ಪ್ಯಾರಪೆಟ್ ಪಟ್ಟಿಗೆ ಇನ್ನೊಂದು, ಗೇಟು ಗ್ರಿಲ್ಲುಗಳಿಗೆ ಮತ್ತೊಂದು. ಪ್ರತಿ ಮೂಲೆಗೂ ಬೇರೆ ಬಣ್ಣ ಕೊಟ್ಟರೆ ಚಿಕ್ಕ ಮನೆ ಇನ್ನೂ ಚಿಕ್ಕದಾಗಿ, ಒಡೆದಂತೆ ಕಾಣುತ್ತದೆ.

ಖರೀದಿ, ಕೆಲಸ, ದಾಖಲೆ

ಹೊರಗಿನ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳು ಸೂಕ್ತ. ಅಕ್ಟೋಬರ್ ನವೆಂಬರಿನಲ್ಲಿ ಬೆಂಗಳೂರಿನ ಕಡೆ ಹಿಂಗಾರು ಸುರಿಯುವುದನ್ನು ಮರೆಯಬೇಡಿ.

ಅಳತೆಯ ಲೆಕ್ಕ ನೀವೇ ಹಾಕಿ. ಹತ್ತಕ್ಕೆ ಹನ್ನೆರಡು ಅಡಿಯ, ಹತ್ತಡಿ ಎತ್ತರದ ಕೋಣೆಯ ನಾಲ್ಕು ಗೋಡೆಗಳು 440 ಚದರ ಅಡಿ. ಬಾಗಿಲು ಕಿಟಕಿಗೆ 60 ಕಳೆದರೆ 380. ಪುಟ್ಟಿ ಹಾಕಿದ ನುಣುಪು ಗೋಡೆಗೆ ಒಳಾಂಗಣ ಎಮಲ್ಷನ್ ಎರಡು ಕೋಟಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು 120 ಚದರ ಅಡಿ ಬರುತ್ತದೆ ಎಂದು ಹಿಡಿದರೆ, ಮೂರು ಲೀಟರಿಗೆ ತುಸು ಹೆಚ್ಚು ಬೇಕು, ನಾಲ್ಕು ತನ್ನಿ. ಹೊರಗೋಡೆಯ ಒರಟು ಗಿಲಾವಿನ ಮೇಲೆ ಇದರ ಅರ್ಧದಷ್ಟೇ ಬರುತ್ತದೆ. ಗಾಢ ಛಾಯೆಗಳಿಗೆ ಬಣ್ಣದ ರಸ ಹೆಚ್ಚು ಬೇಕಾಗುವುದರಿಂದ ಬೆಲೆಯೂ ಹೆಚ್ಚು, ಕೆಲವೊಮ್ಮೆ ಮೂರನೇ ಕೋಟೂ ಬೇಕಾಗುತ್ತದೆ. ಒಂದು ಕೋಣೆಗೆ ಬೇಕಾದ ಬಣ್ಣವನ್ನೆಲ್ಲ ಒಂದೇ ಸಲ ಬೆರೆಸಿಸಿ ತಂದು, ಎಲ್ಲ ಡಬ್ಬಿಗಳನ್ನೂ ಒಂದು ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಕೊಂಡರೆ ಗೋಡೆಯಿಂದ ಗೋಡೆಗೆ ವ್ಯತ್ಯಾಸ ಕಾಣುವುದಿಲ್ಲ.

ಪೇಂಟರ್ ಜೊತೆ ಮಾತು ಮುಗಿಸುವಾಗ ಪುಟ್ಟಿ ಎಷ್ಟು ಕೋಟು, ಪ್ರೈಮರ್ ಯಾವುದು, ಬಣ್ಣಕ್ಕೆ ನೀರು ಎಷ್ಟು ಎಂಬ ಮೂರನ್ನೂ ಬರೆದುಕೊಳ್ಳಿ. ನೀರಿನ ಪ್ರಮಾಣ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಅದಕ್ಕಿಂತ ಹೆಚ್ಚು ಬೆರೆಸಿದರೆ ನೀವು ಹಲಗೆಯ ಮೇಲೆ ನೋಡಿ ಒಪ್ಪಿದ ಛಾಯೆ ಗೋಡೆಗೆ ಬರುವುದಿಲ್ಲ. ಬಡಗಿ ಮತ್ತು ಎಲೆಕ್ಟ್ರಿಷಿಯನ್ ಕೆಲಸ, ನೆಲದ ಪಾಲಿಶ್ ಎಲ್ಲ ಮುಗಿದ ಮೇಲೆಯೇ ಕೊನೆಯ ಕೋಟು ಹೊಡೆಸಿ.

ಕೆಲಸ ಮುಗಿದ ದಿನ ಪ್ರತಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕಂಪನಿ, ಛಾಯೆಯ ಸಂಖ್ಯೆ, ಯಾವ ಬೇಸ್ (ಛಾಯೆ ಬೆರೆಸುವ ಮೂಲ ಬಣ್ಣ), ಎಂಥ ಹೊಳಪು, ಯಾವ ಕೋಣೆ, ಯಾವ ತಿಂಗಳು ಇವನ್ನು ಮನೆಯ ಕಾಗದಪತ್ರಗಳ ಕಡತದಲ್ಲಿ ಒಂದು ಹಾಳೆಯಲ್ಲಿ ಬರೆದಿಡಿ. ಪ್ರತಿ ಬಣ್ಣದಲ್ಲೂ ಅರ್ಧ ಲೀಟರ್ ಉಳಿಸಿ, ಗಾಳಿ ಹೋಗದಂತೆ ಚಿಕ್ಕ ಡಬ್ಬಿಗೆ ತುಂಬಿ, ಬಿಸಿಲು ಬೀಳದ ಅಟ್ಟದ ಮೇಲಿಡಿ. ಮುಂದೆ ಎಸಿ ಕೂರಿಸಲು ಗೋಡೆ ಕೊರೆದಾಗಲೋ, ಮಗು ಗೋಡೆಯ ಮೇಲೆ ಬರೆದಾಗಲೋ ಆ ಜಾಗಕ್ಕೆ ಮಾತ್ರ ಹಚ್ಚಲು ಇಷ್ಟು ಸಾಕಾಗುತ್ತದೆ.